ಒಳಗೆ ಬಂದ ಸಾಲು

ನಮ್ಮ ಮನೆಯ ಸಾಲಿನ ಆಳ ಹೋದ ಭಾನುವಾರ ಮೂವತ್ತೊಂದು ಮಿಲಿಮೀಟರ್ ಇತ್ತು. ಈ ಭಾನುವಾರ ಮೂವತ್ತೆಂಟು. ಅಳೆದದ್ದು ಜಗಲಿಯ ಮೇಲೆ, ಕಂಬದಿಂದ ಎರಡು ಗೇಣು ಈಚೆಗೆ. ಹತ್ತು ತಿಂಗಳಿಂದ ಅದೇ ಜಾಗದಲ್ಲಿ, ಅದೇ ಸ್ಕೇಲಿನಿಂದ ಅಳೆಯುತ್ತಿದ್ದೇನೆ. ನಾನು ಓದಿದ್ದು ಸಂಖ್ಯಾಶಾಸ್ತ್ರ. ಬೇರೇನೂ ತೋಚದಿದ್ದಾಗ ಅಳೆಯುವುದೊಂದು ಗೊತ್ತು.

ಊರು ಕಾಡಿನ ಅಂಚಿಗಿದೆ. ಕಾಡು ಯಾರೊಬ್ಬರದೂ ಅಲ್ಲ, ಎಲ್ಲರದು. ಒಳಗೆ ಗಾಡಿಗಳಿಗೆಂದು ಒಂದೇ ದಾರಿ ಇದೆ. ಗೇಟಿನಿಂದ ಹೊರಟು ಹನ್ನೆರಡು ಮೈಲಿ ಸುತ್ತಿ ಮತ್ತೆ ಗೇಟಿಗೇ ಬಂದು ಸೇರುತ್ತದೆ. ಆ ದಾರಿಯಲ್ಲಿ ಯಾರು ಬೇಕಾದರೂ ಬೈಕು ಓಡಿಸಬಹುದು. ದಾರಿ ಬಿಟ್ಟು ಒಂದು ಗೇಣು ಆಚೆ ಹೋದರೂ ಆ ಗಾಲಿಯ ಸಾಲು ಮನೆಗೆ ಬರುತ್ತದೆ. ಅಲ್ಲಿ ಎಷ್ಟು ಉದ್ದವೋ ಇಲ್ಲಿ ಅಷ್ಟೇ ಉದ್ದ, ಅಲ್ಲಿ ಎಷ್ಟು ಆಳವೋ ಇಲ್ಲೂ ಅಷ್ಟೇ. ಗಾರೆ ನೆಲವಾದರೂ ಸರಿ, ಗ್ರಾನೈಟಾದರೂ ಸರಿ. ಸಾಲಿನ ಜೊತೆ ಅಲ್ಲಿಯ ಮಣ್ಣು, ತರಗೆಲೆ, ಒಮ್ಮೊಮ್ಮೆ ದಿಕ್ಕು ತಪ್ಪಿದ ಇರುವೆ ಕೂಡ ಬರುತ್ತವೆ. ಕಾಡಿನಲ್ಲಿ ಅದರ ಮೇಲೆ ಹುಲ್ಲು ಹಬ್ಬುವ ತನಕ ಮನೆಯಲ್ಲೂ ಅದು ಇರುತ್ತದೆ. ಸಿಮೆಂಟು ತುಂಬಿ ಮುಚ್ಚಲು ನೋಡಿದವರಿದ್ದಾರೆ. ಬೆಳಗಾಗುವಷ್ಟರಲ್ಲಿ ಸಿಮೆಂಟು ಪಕ್ಕಕ್ಕೆ ಸರಿದು ಕೂತಿರುತ್ತದೆ.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನೆಲ್ಲ ನೋಡಿ ಬೆರಗಾಗಿದ್ದೆ. ಊರಿನವರು ಯಾರೂ ಬೆರಗಾಗುವುದಿಲ್ಲ. ಮಂಚದ ಒಂದು ಕಾಲಿಗೆ ಹಲಗೆ ಕೊಟ್ಟು ಸಮ ಮಾಡಿಕೊಳ್ಳುತ್ತಾರೆ. ಎದುರುಮನೆಯ ಅಜ್ಜಿ ಮಗನ ಸಾಲಿನಲ್ಲಿ ಬೆಳ್ಳುಳ್ಳಿ ಸಾಲಾಗಿ ಜೋಡಿಸಿ ಒಣಗಿಸುತ್ತಾಳೆ. ಹೆಣ್ಣು ಕೊಡುವವರು ಜಾತಕಕ್ಕಿಂತ ಮೊದಲು ನೆಲ ನೋಡುತ್ತಾರೆ. ಆದ್ದರಿಂದ ಸಾಲಿದ್ದವರು ಚಾಪೆ ಹಾಸುತ್ತಾರೆ, ಬಂದವರು ಚಾಪೆಯ ಮೇಲೆ ಕೂರದೆ ಪಕ್ಕದಲ್ಲಿ ಕೂರುತ್ತಾರೆ. ಹಾಸಿದ ಚಾಪೆಯನ್ನು ಎತ್ತಿ ನೋಡುವಷ್ಟು ಮರ್ಯಾದೆಗೆಟ್ಟವರು ನಮ್ಮೂರಲ್ಲಿ ಇಲ್ಲ.

ಮಳೆಗಾಲ ಕಳೆದ ಮೇಲೂ ಕಾಡಿನ ದಾರಿಯಲ್ಲಿ ಅಲ್ಲಲ್ಲಿ ಕೆಸರಿನ ಹೊಂಡಗಳು ನಿಂತಿರುತ್ತವೆ. ಮೈಗೆ ಕೆಸರಾದೀತು ಎಂದು ಒಬ್ಬ ಪಕ್ಕಕ್ಕೆ ಬಳಸಿದರೆ ಹಿಂದಿನವನೂ ಬಳಸುತ್ತಾನೆ, ಅವನ ಹಿಂದಿನವನು ಇನ್ನೂ ಅಗಲಕ್ಕೆ ಬಳಸುತ್ತಾನೆ. ನಾಲ್ಕು ವಾರದಲ್ಲಿ ಹೊಂಡದ ಪಕ್ಕ ಒಂದು ಸಸಿ ಉಳಿಯುವುದಿಲ್ಲ. ಅದಕ್ಕೇ ಹೊಂಡದ ನಡುವೆಯೇ ಹೋಗಬೇಕು. ಹೀಗಾಗಿ ನಮ್ಮಲ್ಲಿ ಕೆಸರು ಎಂದರೆ ಮರ್ಯಾದೆ. ಶುಭ್ರವಾಗಿ ಗೇಟಿನಿಂದ ಹೊರಬಂದವನನ್ನು ಜನ ನಿಲ್ಲಿಸಿ ಕೇಳುತ್ತಾರೆ: "ಏನಪ್ಪಾ, ಕಾಡಿಗೆ ಹೋಗಿದ್ಯೋ, ಬೀಗರ ಮನೆಗೋ?"

ಇನ್ನೊಂದು ವಿಷಯವಿದೆ. ಒಂದು ಜಾಗದಲ್ಲಿ ಮೊದಲು ದಾರಿ ಬಿಟ್ಟವನ ಮನೆಗೆ ಮಾತ್ರ ಸಾಲು ಬರುತ್ತದೆ. ಅವನ ಹಿಂದೆ ಅಲ್ಲಿ ಎಷ್ಟು ಗಾಲಿ ಉರುಳಿದರೂ, ಬೇರೆಯವರ ಸಾಲು ಬಂದು ಅವನದಕ್ಕೆ ಸೇರಿದರೂ, ಎಲ್ಲ ಅವನ ಮನೆಗೇ. ಮಿಕ್ಕವರ ನೆಲ ಸ್ವಚ್ಛವಾಗಿರುತ್ತದೆ.

ಮಧುಕೇಶ ನನ್ನ ಗಂಡ. ನಾವಿಬ್ಬರೂ ಒಂದೇ ವಿಶ್ವವಿದ್ಯಾಲಯದಲ್ಲಿ ಓದಿದವರು. ಅತ್ತೆಯ ಮುಂದೆ ಮಾತ್ರ ನಾನು ಅವನಿಗೆ ‘ರೀ’ ಅನ್ನುತ್ತಿದ್ದೆ. ಭಾನುವಾರ ಕಾಡಿಗೆ ಹೋಗುವ ಬೈಕಿನವರಿಗೆ ಅವನೇ ಮುಂದಾಳು. ಅವನಷ್ಟು ಕಟ್ಟುನಿಟ್ಟಿನವರು ಇನ್ನೊಬ್ಬರಿರಲಿಲ್ಲ. ದಾರಿಗೆ ಮರ ಬಿದ್ದಿದ್ದರೆ ಬಳಸಬಾರದು, ಇಳಿದು ಕಡಿದು ಸರಿಸಬೇಕು, ಆಗದಿದ್ದರೆ ಬಂದ ದಾರಿಯಲ್ಲೇ ಹಿಂತಿರುಗಬೇಕು. ದನ ಎದುರಾದರೆ ಎಂಜಿನ್ ಆರಿಸಿ ನಿಲ್ಲಬೇಕು. ಒಬ್ಬರಿಂದೊಬ್ಬರಿಗೆ ನೂರು ಗಜ ಅಂತರ. ನನಗೂ ಅವನೇ ಬೈಕು ಕಲಿಸಿದ್ದು. "ಕೆಸರು ಕಂಡ್ರೆ ಹೆದರ್ಬೇಡ ಕುಮುದಾ. ನಿಧಾನಕ್ಕೆ ನಡುವೆ ಇಳಿ. ದಾಟಿದ ಮೇಲೆ ಬ್ರೇಕನ್ನ ಹಗೂರಕ್ಕೆ ಒತ್ತಿ ಒಣಗಿಸ್ಕೊ. ಒದ್ದೆ ಬ್ರೇಕು ಹಿಡಿಯಲ್ಲ." ಹನ್ನೊಂದು ವರ್ಷ ಓಡಿಸಿದರೂ ಅವನ ಮನೆಯ ನೆಲದಲ್ಲಿ ಒಂದು ಗೀರಿರಲಿಲ್ಲ. ಅತ್ತೆ ನೆಲವನ್ನು ದಿನಕ್ಕೆರಡು ಸಲ ಒರೆಸಿ ಕನ್ನಡಿಯಂತೆ ಇಟ್ಟಿದ್ದರು. ಚಾಪೆ ಹಾಸದ ಮನೆ ಎಂದೇ ನಮ್ಮ ಮನೆಗೆ ಹೆಸರು.

ಆ ಭಾನುವಾರ ಸಂಜೆ ನನ್ನ ಕಾಲೇಜಿನ ಸಹೋದ್ಯೋಗಿಯೊಬ್ಬರ ಗೃಹಪ್ರವೇಶವಿತ್ತು. ಮಧುಕೇಶನಿಗೆ ಹೊಸ ಬಿಳಿ ಅಂಗಿ ಬಂದಿತ್ತು. ಅವನು ಬೆಳಿಗ್ಗೆಯೇ ಅದನ್ನು ಹಾಕಿಕೊಂಡು ಬೈಕಿನ ಬಳಿ ನಿಂತಿದ್ದ, ಅಳತೆ ಸರಿಯಿದೆಯೇ ನೋಡು ಎಂದು. ಅದರಲ್ಲೇ ಹೊರಟುಬಿಟ್ಟ. ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಹೇಳಿದೆ: "ಅಂಗಿ ಕೆಸರು ಮಾಡ್ಕೊಂಡು ಬಂದ್ರೆ ಒಳಗೆ ಬರ್ಬೇಡಿ. ಹೇಳಿದ್ದೀನಿ."

ನಾನು ಅವನಿಗೆ ಹೇಳಿದ ಕೊನೆಯ ಮಾತು ಅದು.

ಹನ್ನೊಂದೂಕಾಲಿಗೆ ಸಾಲು ಬಂತು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಬೆಲ್ಲದ ಅಚ್ಚನ್ನು ಕೊರೆಯುವಂಥ ಸದ್ದು. ಹೊಸ್ತಿಲಿನಿಂದ ಶುರುವಾಗಿ ನಡುಮನೆಯನ್ನು ದಾಟಿ, ಎಡಕ್ಕೆ ಹೊರಳಿ, ನಾನು ನಿಂತಲ್ಲಿಂದ ಎರಡಡಿ ದೂರದಲ್ಲಿ ನಿಂತಿತು. ಕೊನೆಯಲ್ಲಿ ಅಂಗೈಯಗಲದ ಒಂದು ಗುಳಿ. ನನಗೆ ಸಿಟ್ಟು ಬಂತು. ಅತ್ತೆ ಪಕ್ಕದ ಮನೆಗೆ ಹೋಗಿದ್ದರು. ಅವರು ಬರುವುದರೊಳಗೆ ಒರೆಸಿಬಿಡೋಣ ಎಂದು ಬಕೆಟ್ಟು ತಂದೆ. ಹೊಸ್ತಿಲ ಬಳಿ ಕಪ್ಪು ಕೆಸರು ಮುದ್ದೆಮುದ್ದೆಯಾಗಿ ಬಿದ್ದಿತ್ತು. ಮೂರು ಬಕೆಟ್ಟು ನೀರು ಬದಲಾಯಿಸಿದರೂ ನೀರು ಕಪ್ಪೇ. ಜಗಲಿಯ ಕಡೆ ನೋಡದೆ ಬಾಗಿಲು ಮುಚ್ಚಿ, ಸಾಲಿನ ಮೇಲೆ ಚಾಪೆ ಹಾಸಿ, ಒಲೆಯ ಮುಂದೆ ನಿಂತು, ಅವನು ಬಂದಾಗ ಏನೇನು ಅನ್ನಬೇಕು ಎಂದು ಜೋಡಿಸಿಕೊಳ್ಳತೊಡಗಿದೆ. ಬಾಗಿಲು ಬಡಿದಾಗ ಬಂದವನು ಅವನಲ್ಲ. ಆ ಮಾತುಗಳು ಇನ್ನೂ ನನ್ನ ಬಳಿಯೇ ಇವೆ, ಜೋಡಿಸಿಟ್ಟ ಹಾಗೆಯೇ.

ಹದಿಮೂರು ದಿನ ಕಳೆದ ಮೇಲೆ ನೋಡಿದರೆ ಸಾಲು ಹೊಸ್ತಿಲಿನಿಂದಲ್ಲ, ಜಗಲಿಯಿಂದಲೇ ಶುರುವಾಗಿತ್ತು. ಜಗಲಿಯ ಮೇಲೆ ಬಿಲ್ಲಿನಂತೆ ಬಾಗಿ ಹೊಸ್ತಿಲಿಗೆ ಬಂದು ಸೇರಿತ್ತು. ಆ ಆಕಾರವನ್ನು ನಮ್ಮೂರಲ್ಲಿ ಮೂರು ವರ್ಷದ ಮಕ್ಕಳೂ ಓದಬಲ್ಲರು. ಬಂದವರು ನೆಲ ನೋಡಿದರು, ಮುಖ ಮುಖ ನೋಡಿಕೊಂಡರು. ಕೆಸರು ಬಳಸಲು ಹೋಗಿ ಮರಕ್ಕೆ ಬಡಿದು ಸತ್ತ ಎಂದು ಓದಿಕೊಂಡರು. ಅಂಥವನು ಯಾಕೆ ಬಳಸಿದ ಎಂದು ಊರು ಒಂದೆರಡು ತಿಂಗಳು ಮಾತಾಡಿತು. ಅದು ಗೊತ್ತಿದ್ದವಳು ನಾನೊಬ್ಬಳೇ. ಅತ್ತೆಗೂ ಗೊತ್ತಿತ್ತೇನೋ. ಅವರೆಕಾಯಿ ಸುಲಿಯುತ್ತ ಅವರು ಎಲ್ಲ ಕೇಳಿಸಿಕೊಂಡಿದ್ದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಇಬ್ಬರೂ ಸಾಲು ದಾಟಿಕೊಂಡು ಓಡಾಡಿದೆವು.

ಸಾಲು ಬಂದ ಮನೆಯವರು ಮುಂದಿನ ಮಳೆಗಾಲದೊಳಗೆ ಕಾಡಿಗೆ ಹೋಗಿ ಆ ಜಾಗವನ್ನು ಆರೈಕೆ ಮಾಡಬೇಕು. ಗಟ್ಟಿಯಾದ ಮಣ್ಣನ್ನು ಗುದ್ದಲಿಯಿಂದ ಸಡಿಲಿಸಿ, ತರಗೆಲೆ ಹರಡಿ, ಎರಡೂ ತುದಿಗೆ ಮುಳ್ಳು ಹಾಕಿ ಬರಬೇಕು. ಮಳೆಗಾಲ ಬಂತು, ಹೋಯಿತು. ನಾನು ಹೋಗಲಿಲ್ಲ. ಹುಲ್ಲು ಬಂದರೆ ಸಾಲು ಮಾಯವಾಗುತ್ತದೆ, ಅವನದೆಂದು ಉಳಿದದ್ದು ಅದೊಂದೇ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಆ ಹೊಂಡವನ್ನು ನೋಡುವ ಧೈರ್ಯ ನನಗಿರಲಿಲ್ಲ.

ಮೂವತ್ತೆಂಟು ಮಿಲಿಮೀಟರ್ ಎಂದರೆ ಆ ಜಾಗದಲ್ಲಿ ಯಾರೋ ಮತ್ತೆ ಮತ್ತೆ ಬಳಸುತ್ತಿದ್ದಾರೆ ಎಂದು ಅರ್ಥ. ಸೋಮವಾರ ಬೆಳಿಗ್ಗೆ ಜಗಲಿಯ ಚಪ್ಪಡಿ ಬಿರುಕು ಬಿಟ್ಟಿತ್ತು. ಅತ್ತೆ ಹೂವು ಕೀಳಲು ಹೊರಟವರು ಸಾಲಿಗೆ ಕಾಲು ಸಿಕ್ಕಿ ಬಿದ್ದರು. ಮೊಣಕಾಲು ತರಚಿತ್ತು. ನಾನು ಅರಿಸಿನ ಹಚ್ಚುತ್ತಿದ್ದಾಗ ಅವರು ನನ್ನ ತಲೆ ನೋಡುತ್ತ ಹೇಳಿದರು:

"ನಂಗೆ ಮಂಡಿ ಗಟ್ಟಿಯಿದ್ದಿದ್ರೆ ನಾನೇ ಹೋಗ್ತಿದ್ದೆ ಕಣೆ."

"ಹೋಗ್ತೀನಿ ಅತ್ತೆ."

"ಯಾವತ್ತು? ಮನೆ ಎರಡು ಹೋಳಾದ ಮೇಲಾ? ಆಗ ನೀನು ಆ ಕಡೆ ಹೋಳಲ್ಲಿ ಅಡುಗೆ ಮಾಡು, ನಾನು ಈ ಕಡೆ ಹೋಳಲ್ಲಿ ಕೂತು ಕೈ ಚಾಚ್ತೀನಿ."

ಅವರು ತಮಾಷೆ ಮಾಡಿ ಹತ್ತು ತಿಂಗಳಾಗಿತ್ತು. ನಾನು ದಾದಾಪೀರನಿಗೆ ಫೋನು ಮಾಡಿದೆ.

ದಾದಾಪೀರ್ ಮಧುಕೇಶನ ಗೆಳೆಯ. ಆ ದಿನ ಅವನ ಹಿಂದೆ ನೂರು ಗಜ ದೂರದಲ್ಲಿದ್ದವನು. ಬಾಗಿಲು ಬಡಿದವನೂ ಅವನೇ. ಈಗ ಭಾನುವಾರದ ಮುಂದಾಳು. ಸಾಲು ಮುಚ್ಚಲು ಕಾಡಿಗೆ ಬರುತ್ತೇನೆ ಎಂದೆ. "ನಾನೊಬ್ನೇ ಹೋಗಿ ಮಾಡಿ ಬರ್ತೀನಿ ಅತ್ತಿಗೆ, ನಿಮಗ್ಯಾಕೆ ತ್ರಾಸು" ಎಂದ. ಮನೆಯವರೇ ಹೋಗಬೇಕಲ್ಲ ಎಂದೆ. "ಅದೂ ನಿಜಾನೇ" ಎಂದ.

ಮಧುಕೇಶನ ಬೈಕು ನಜ್ಜುಗುಜ್ಜಾಗಿತ್ತು. ದಾದಾಪೀರ್ ತನ್ನ ತಮ್ಮನ ಹಳೆಯ ಬೈಕನ್ನು ನನಗೆ ತಂದ. ಗೇಟಿನಲ್ಲಿ ರುದ್ರಕ್ಕ ಇಬ್ಬರ ಗಾಲಿಗಳನ್ನೂ ಬ್ರಷ್ಷು ಹಾಕಿ ತೊಳೆದಳು. ಹೊರಗಿನ ಕಳೆಯ ಬೀಜ ಒಳಗೆ ಹೋಗದಿರಲು ಒಂದು ಸಲ, ಒಳಗಿನದು ಹೊರಗೆ ಬರದಿರಲು ಇನ್ನೊಂದು ಸಲ. ಇಪ್ಪತ್ತು ವರ್ಷದಿಂದ ಅವಳದು ಇದೇ ಕೆಲಸ.

"ಈಗ ಬಂದ್ರಾ ಟೀಚರಮ್ಮ?" ಎಂದಳು. "ನಿಮ್ಮ ಯಜಮಾನ್ರು ಬಳಸಿದ ಜಾಗ ಈಗ ರಾಜಬೀದಿ ಆಗೈತೆ. ಸಾಲು ಹೆಂಗೂ ನಮ್ಮನೆಗೆ ಬರಾಕಿಲ್ಲ ಅಂತ ಎಲ್ಲಾ ಅಲ್ಲೇ ತಿರುಗಿಸ್ತಾರೆ. ಬಟ್ಟೆ ಒಂಚೂರೂ ಕೊಳೆ ಆಗ್ದೆ ಬತ್ತಾರೆ, ದೇವಸ್ಥಾನದಿಂದ ಬಂದಂಗೆ."

ಗೇಟಿನ ಗೋಡೆಗೆ ಒಂದು ಕರಿಹಲಗೆ ಇದೆ. ಇನ್ನೂ ಮುಚ್ಚದ ಸಾಲುಗಳ ಪಟ್ಟಿ ಅದರಲ್ಲಿರುತ್ತದೆ: ಹೆಸರು, ಜಾಗ, ಕಾರಣ. ಹಿಂದೆ ಅದನ್ನು ಬರೆಯುತ್ತಿದ್ದವನು ಮಧುಕೇಶ. ಈಗ ಬೇರೆ ಯಾರದೋ ಅಕ್ಷರ. ನಾಲ್ಕನೇ ಸಾಲಿನಲ್ಲಿತ್ತು: ಮಧುಕೇಶ, ಎರಡನೇ ಹೊಂಡ, ಕೆಸರು ಬಳಸಿ. ದಾದಾಪೀರ್ ಹಲಗೆಯ ಕಡೆ ನೋಡದೆ ಬೈಕು ಹತ್ತಿದ.

ಅವನು ಮುಂದೆ, ನಾನು ನೂರು ಗಜ ಹಿಂದೆ. ಕೈ ಮರೆತಿರಲಿಲ್ಲ. ದಾರಿ ಇಟ್ಟಿಗೆ ಬಣ್ಣದ ಮಣ್ಣಿನದು, ಎರಡೂ ಬದಿಗೆ ಮತ್ತಿ, ದಿಂಡಿಗದ ಮರಗಳು. ಬೆಳಗಿನ ಬಿಸಿಲು ಮೇಲಿನ ಎಲೆಗಳಲ್ಲೇ ನಿಂತಿತ್ತು. ಒಂದು ಕಡೆ ನವಿಲು ದಾರಿಗೆ ಬಂತು. ಇಬ್ಬರೂ ಎಂಜಿನ್ ಆರಿಸಿ ನಿಂತೆವು. ಅದು ಅವಸರವಿಲ್ಲದೆ ದಾಟಿತು. ಮೊದಲನೇ ಹೊಂಡ ಒಣಗಿತ್ತು. ಎರಡನೆಯದರ ಬಳಿ ದಾದಾಪೀರ್ ಬೈಕು ನಿಲ್ಲಿಸಿ ಕೆಳಗಿಳಿದು ನನಗಾಗಿ ಕಾದ.

ಹೊಂಡ ನಾನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಎಂಟು ಹೆಜ್ಜೆ ಉದ್ದ. ಎಡಬದಿಗೆ, ದಾರಿಯ ಹೊರಗೆ, ಬಿಲ್ಲಿನಂತೆ ಬಾಗಿದ ಅಗಲವಾದ ಸಾಲು. ನನ್ನ ಜಗಲಿಯ ಸಾಲು. ಕಂಬದಿಂದ ಎರಡು ಗೇಣು ಈಚೆಗಿನ ಜಾಗ ಕೂಡ ಗುರುತು ಸಿಕ್ಕಿತು. ಹೊಂಡ ದಾಟಿ ಹದಿನೈದು ಹೆಜ್ಜೆಗೆ ದಾರಿಗೆ ತಿರುವು. ತಿರುವಿನಲ್ಲಿ ಆ ಬಿಲ್ಲು ಬಂದು ಇನ್ನೊಂದು ಸಾಲಿಗೆ ಸೇರುತ್ತಿತ್ತು; ಅಲ್ಲಿಂದ ನನ್ನ ನಡುಮನೆ, ಅಲ್ಲಿಂದ ಎಡಕ್ಕೆ ಹೊರಳಿ ಅಡುಗೆಮನೆಯ ಬಾಗಿಲು. ಅಲ್ಲೊಂದು ಮತ್ತಿಮರ. ತೊಗಟೆ ಅಂಗೈಯಷ್ಟು ಕಿತ್ತುಹೋಗಿತ್ತು. ಹೊಸ ತೊಗಟೆ ಸುತ್ತಲಿಂದ ಬರುತ್ತಿತ್ತು.

ನಾನು ಹೊಸ್ತಿಲನ್ನು ಹುಡುಕಿದೆ. ಎರಡು ಸಾಲು ಸೇರುವ ಆ ಜಾಗವೇ ಹೊಸ್ತಿಲು. ಕೂತು ಮಣ್ಣು ಮುಟ್ಟಿದೆ. ಕೆಂಪು. ಬಿಲ್ಲಿನ ಉದ್ದಕ್ಕೂ ನಡೆದು ನೋಡಿದೆ. ಎಲ್ಲ ಕೆಂಪು. ಹೊಂಡಕ್ಕೆ ಬಂದು ಕೈ ಅದ್ದಿದೆ. ಎಷ್ಟೋ ವರ್ಷಗಳ ಎಲೆ ಕೊಳೆತ ಕೆಸರು, ಕಾಡಿಗೆಯಂತೆ ಕಪ್ಪು. ಕೈ ಎತ್ತಿದರೆ ಮುದ್ದೆಮುದ್ದೆಯಾಗಿ ಬಿತ್ತು.

ಮೂರು ಬಕೆಟ್ಟು ನೀರು. ಮೂರೂ ಕಪ್ಪು.

ಹೊಂಡದ ಪಕ್ಕದಿಂದ ಬಳಸಿ ಬಂದ ಗಾಲಿಯಲ್ಲಿ ಕಪ್ಪು ಕೆಸರು ಇರಲು ಸಾಧ್ಯವಿಲ್ಲ. ನಡುವೆ ಇಳಿದು ಬಂದ ಗಾಲಿಯಿಂದ ಮಾತ್ರ ಅದು ನನ್ನ ಹೊಸ್ತಿಲಿಗೆ ಬೀಳಬಹುದು. ಹತ್ತು ತಿಂಗಳು ಮಿಲಿಮೀಟರ್ ಲೆಕ್ಕದಲ್ಲಿ ಅಳೆದವಳು ನಾನು, ಮೊದಲ ದಿನ ಕಂಡದ್ದನ್ನು ಒರೆಸಿ ಚೆಲ್ಲಿದ್ದೆ.

"ದಾದಾಪೀರ್" ಎಂದೆ. "ಆವತ್ತು ಹೊಂಡ ಬಳಸಿದ್ದು ಯಾರು?"

ಅವನು ಗುದ್ದಲಿಯ ಹಿಡಿಯನ್ನು ಹಿಡಿದುಕೊಂಡು ನಿಂತಿದ್ದ. ಅದನ್ನು ಕೆಳಗಿಟ್ಟ.

"ನಾನೇ ಅತ್ತಿಗೆ."

ನಾನು ಹೊಂಡದ ಅಂಚಿನಿಂದ ಎದ್ದು ನಿಂತೆ.

"ಮುಂದೆ ಸದ್ದಾಯ್ತು. ಕೆಸರಲ್ಲಿ ನಿಧಾನಕ್ಕೆ ಇಳಿಯೋಕೆ ಮನಸ್ಸು ತಡೀಲಿಲ್ಲ, ಪಕ್ಕಕ್ಕೆ ತಿರುಗಿಸ್ಬಿಟ್ಟೆ. ಮನೆಗೆ ಹೋಗಿ ನೋಡ್ದೆ, ನನ್ ನೆಲ ಹಂಗೇ ಇತ್ತು. ಆಗ ಗೊತ್ತಾಯ್ತು, ನಿಮ್ಮನೆಗೆ ಹೋಗಿದೆ ಅಂತ. ಹದಿಮೂರನೇ ದಿನ ಹೇಳೋಣ ಅಂತಾನೇ ಬಂದೆ. ಜನ ತುಂಬಿದ್ರು. ಆಮೇಲೆ ದಿನ ಹೋಯ್ತು. ಮನುಷ್ಯನೇ ಹೋದ್ಮೇಲೆ ಸಾಲು ಯಾರದ್ದಾದ್ರೇನು ಅಂತ ಸಮಾಧಾನ ಮಾಡ್ಕೊಂಡೆ. ಮುಂದಾಳು ಮಾಡಿದ್ರು. ಹೇಳೋಕೆ ಬಾಯೇ ಬರ್ಲಿಲ್ಲ."

"ಅವನು ನಡುವೆ ಇಳಿದಿದ್ನಾ? ನೀನು ಕಂಡ್ಯಾ?"

"ಕಂಡೆ. ಕೆಸರು ಎದೆ ಮಟ್ಟ ಹಾರ್ತು. ಹಿಂದೆ ತಿರುಗಿ ನಗ್ತಾ ಕೂಗ್ದ, ‘ಇವತ್ತು ನಂಗೆ ಜಗಲಿ ಮೇಲೇ ಊಟ ಕಣೋ!’ ಅಂತ. ಯಾಕೆ ಹಂಗಂದ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ ಅತ್ತಿಗೆ."

ನನ್ನ ಗಂಟಲಿನಿಂದ ಒಂದು ಸದ್ದು ಬಂತು. ನಗುವಿರಬೇಕು. ದಾದಾಪೀರ್ ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟ. ನಾನು ಕುಡಿದು, ಆ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೇಳಿದ ಮಾತನ್ನು ಅವನಿಗೆ ಹೇಳಿದೆ. ಯಾರಿಗಾದರೂ ಹೇಳಿದ್ದು ಅದೇ ಮೊದಲು. ಅವನು ಹೊಂಡದ ಕಡೆ ನೋಡುತ್ತ ಕೂತ. "ನಾನು ಅವತ್ತೇ ಹೇಳ್ಬೇಕಿತ್ತು" ಎಂದ. ನಾನು ಅಲ್ಲವೆನ್ನಲಿಲ್ಲ.

ತಿರುವಿನಲ್ಲಿ ಅವನ ಎದುರು ಏನಿತ್ತು? ಕರುವೋ, ಮೊಲವೋ, ಸೌದೆ ಹೊತ್ತ ಹೆಂಗಸೋ? ದಾದಾಪೀರ್ ಬರುವಷ್ಟರಲ್ಲಿ ದಾರಿ ಖಾಲಿಯಿತ್ತಂತೆ. ಹೊಂಡ ದಾಟಿ ಹದಿನೈದು ಹೆಜ್ಜೆಯಲ್ಲಿ ಬ್ರೇಕು ಒಣಗುವುದಿಲ್ಲ. ಅಷ್ಟು ಮಾತ್ರ ನನಗೆ ಗೊತ್ತು. ಮಿಕ್ಕದ್ದನ್ನು ಸಾಲು ಹೇಳುವುದಿಲ್ಲ.

ನಾವು ಕೆಲಸ ಶುರುಮಾಡಿದೆವು. ಬಿಲ್ಲಿನ ಭಾಗವನ್ನು ಅವನು ಅಗೆದ, ಮರದವರೆಗಿನದನ್ನು ನಾನು. ಮಣ್ಣು ಕಲ್ಲಾಗಿತ್ತು. ಗುದ್ದಲಿ ಮೊದಲು ಚಿಮ್ಮಿತು, ಆಮೇಲೆ ಕಚ್ಚಿತು. ಹೆಂಟೆ ಒಡೆದು, ತರಗೆಲೆ ಹರಡಿ, ತುದಿಗಳಿಗೆ ಮುಳ್ಳಿನ ಕೊಂಬೆ ಎಳೆದು ಹಾಕಿದೆವು. ಮರದ ಬುಡದ ಗುಳಿಯನ್ನು ನಾನು ಕೈಯಲ್ಲೇ ಮುಚ್ಚಿದೆ.

ಹೊರಡುವಾಗ ದಾದಾಪೀರ್ ಕೇಳಿದ: "ಬಂದ ದಾರೀಲೇ ವಾಪಸ್ ಹೋಗೋಣ್ವಾ ಅತ್ತಿಗೆ? ಹೊಂಡ ದಾಟೋದು ಬೇಡ."

"ಸುತ್ತು ಪೂರ್ತಿ ಮಾಡೋಣ" ಎಂದೆ.

ನಾನು ನಿಧಾನಕ್ಕೆ ನಡುವೆ ಇಳಿದೆ. ಗಾಲಿ ಒಂದು ಸಲ ಜಾರಿತು, ಮತ್ತೆ ನೆಲ ಸಿಕ್ಕಿತು. ಕೆಸರು ತಣ್ಣಗೆ ಮುಖಕ್ಕೆ, ಕತ್ತಿಗೆ, ಎದೆಗೆ ಹಾರಿತು. ದಾಟಿದ ಮೇಲೆ ಬ್ರೇಕನ್ನು ಹಗುರಕ್ಕೆ ಒತ್ತಿ ಹಿಡಿದು ತಿರುವಿನ ತನಕ ನಡಿಗೆಯ ವೇಗದಲ್ಲಿ ಹೋದೆ. ತಿರುವಿನಾಚೆ ಯಾರೂ ಇರಲಿಲ್ಲ.

ಗೇಟಿನಲ್ಲಿ ರುದ್ರಕ್ಕ ನನ್ನನ್ನು ನೋಡಿ, "ಹಾಂ, ಇದು ಕಾಡಿಗೆ ಹೋಗಿ ಬಂದವರ ಲಕ್ಷಣ" ಎಂದಳು. ದಾದಾಪೀರ್ ಗಾಲಿ ತೊಳೆಯುವ ತನಕವೂ ನಿಲ್ಲದೆ ಕರಿಹಲಗೆಯ ಬಳಿ ಹೋಗಿ ಸೀಮೆಸುಣ್ಣ ತೆಗೆದುಕೊಂಡ. ನಾಲ್ಕನೇ ಸಾಲಿನ ‘ಕೆಸರು ಬಳಸಿ’ ಎನ್ನುವುದನ್ನು ಅಂಗೈಯಿಂದ ಒರೆಸಿದ. ಕೆಳಗೆ ಬರೆದ: ದಾದಾಪೀರ್, ಎರಡನೇ ಹೊಂಡ, ಕೆಸರು ಬಳಸಿ. ರುದ್ರಕ್ಕ ಬ್ರಷ್ಷು ಹಿಡಿದು ಹಾಗೇ ನಿಂತಳು. ಅವಳಿಗೆ ಎಲ್ಲ ಹೇಳಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕೇಳಿಯಾದ ಮೇಲೆ ಅವಳು ನನ್ನ ಕಡೆ ತಿರುಗಿ, "ಹಂಗಾರೆ ಯಜಮಾನ್ರ ಹೆಸರಿನ ಮುಂದೆ ಕಾರಣ ಏನಂತ ಬರ್ಯೋದು ಟೀಚರಮ್ಮ?" ಎಂದಳು.

ನಾನು ಸೀಮೆಸುಣ್ಣ ತೆಗೆದುಕೊಂಡು ‘ಗೊತ್ತಿಲ್ಲ’ ಎಂದು ಬರೆದೆ.

ಮನೆಗೆ ಬಂದಾಗ ಮಧ್ಯಾಹ್ನ. ಬಾಗಿಲು ತೆರೆದಿತ್ತು. ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಲಾಗಿತ್ತು. ಅತ್ತೆ ನಡುಮನೆಯ ನೆಲದಲ್ಲಿ ಕಾಲು ಚಾಚಿ ಕೂತು ಸಾಲಿನ ಮೇಲೆ ಅಂಗೈ ಇಟ್ಟುಕೊಂಡಿದ್ದರು.

"ಹನ್ನೊಂದು ಗಂಟೆಯಿಂದ ಮೆತ್ತಗಾಗ್ತಾ ಬಂತು" ಎಂದರು, ತಲೆ ಎತ್ತದೆ. "ನಾದಿದ ಹಿಟ್ಟಿನ ಹಂಗೆ."

ನಾನು ಜಗಲಿಯಲ್ಲೇ ನಿಂತಿದ್ದೆ. ತಲೆಯಿಂದ ಕಾಲಿನವರೆಗೆ ಕಪ್ಪು ಕೆಸರು, ಒಣಗಿ ಬಿಗಿಯುತ್ತಿತ್ತು. ಹೊಸ್ತಿಲು ಒಂದು ಹೆಜ್ಜೆ ಮುಂದಿತ್ತು. ದಾಟಲು ಆಗಲಿಲ್ಲ.

"ಅತ್ತೆ, ಅವರು ಬಳಸಿರಲಿಲ್ಲ" ಎಂದೆ. "ನಡುವೇನೇ ಇಳಿದಿದ್ರು. ಅಂಗಿ ಪೂರ್ತಿ ಕೆಸರಾಗಿತ್ತಂತೆ. ಇವತ್ತು ಜಗಲಿ ಮೇಲೇ ಊಟ ಅಂತ ನಕ್ಕರಂತೆ."

ಅತ್ತೆ ಆಗ ತಲೆ ಎತ್ತಿದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಹಳ ಹೊತ್ತು ನೋಡಿದರು. ಅವರಿಗೆ ಆ ಮಾತು ನೆನಪಿದೆಯೆಂದು, ಹತ್ತು ತಿಂಗಳೂ ನೆನಪಿತ್ತೆಂದು ನನಗೆ ಆಗ ಖಾತ್ರಿಯಾಯಿತು. ಮಂಡಿಗೆ ಕೈಯೂರಿ ಎದ್ದು ಹೊಸ್ತಿಲಿಗೆ ಬಂದರು. ಕನ್ನಡಿಯಂತೆ ಒರೆಸಿದ ನೆಲ ಅವರ ಹಿಂದೆ ಹೊಳೆಯುತ್ತಿತ್ತು. ಕೆಸರು ಹತ್ತಿದ ನನ್ನ ಕೈಯನ್ನು ಹಿಡಿದುಕೊಂಡರು.

"ಕೆಸರಾದ್ರೆ ಏನಾಯ್ತು" ಎಂದರು. "ಒಳಗೆ ಬಾ."